ಪುಟ್ಟ ಚೀಟಿಯ ಮೇಲೆ ರಕ್ಷೆ, ಹರಕೆ, ಭಯ

ಕೆಂಪು ಮೈ, ಅದರ ಮೇಲೆ ಕಪ್ಪು ಬೊಟ್ಟು, ಮುಟ್ಟಿದರೆ ತೂಗಾಡುವ ತಲೆ. ಜಪಾನಿನ ಫುಕುಶಿಮಾ ಪ್ರಾಂತ್ಯದ ಐಜು ಸೀಮೆಯಲ್ಲಿ ಕಾಗದ ಅಂಟಿಸಿ ಮಾಡುವ ಈ ಎತ್ತಿನ ಗೊಂಬೆಯ ಹೆಸರು ಅಕಾಬೆಕೊ. 1961ರ ಹೊಸವರ್ಷದ ಅಂಚೆಚೀಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಹೊರಗಿನವರ ಕಣ್ಣಿಗೆ ಅದು ಬರೀ ಆಟಿಕೆ. ಐಜುವಿನ ತಾಯಂದಿರಿಗೆ ಸಿಡುಬಿನಿಂದ ಕೂಸನ್ನು ಕಾಯುವ ರಕ್ಷೆಯಾಗಿತ್ತು. ಕೆಂಪು ಬಣ್ಣ ರೋಗವನ್ನು ಓಡಿಸುತ್ತದೆ ಎಂದು ಜನ ನಂಬಿದ್ದರು. ಆ ಕಪ್ಪು ಬೊಟ್ಟುಗಳು ಸಿಡುಬಿನ ಕಲೆಗಳಂತೆ.

ಜಪಾನ್ ಹೊಸವರ್ಷದ ಶುಭಾಶಯ ಪತ್ರಗಳಿಗೆಂದೇ ಚೀಟಿ ಅಚ್ಚು ಹಾಕಲು ಶುರುಮಾಡಿದ್ದು 1935ರ ಡಿಸೆಂಬರಿನಲ್ಲಿ. ಮೊದಲ ಚೀಟಿಯಲ್ಲಿದ್ದದ್ದು ಫ್ಯೂಜಿ ಪರ್ವತ. ಯುದ್ಧಕಾಲದಲ್ಲಿ ನಿಂತಿದ್ದ ಪದ್ಧತಿ ಆಮೇಲೆ ಮರಳಿತು. ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಅಲ್ಲಿನ ಎಣಿಕೆಯಂತೆ ವ್ಯಾಘ್ರವರ್ಷವಾಗಿದ್ದ 1950ಕ್ಕೆ ಚಿತ್ರಕಾರ ಮರುಯಾಮ ಓಕ್ಯೊ ಬರೆದ ಹುಲಿ ಬಂತು. ಮುಂದಿನ ವರ್ಷಗಳಲ್ಲಿ ಊರೂರಿನ ಜನಪದ ಗೊಂಬೆಗಳ ಸರದಿ.

1958ರ ಚೀಟಿಯಲ್ಲಿ ಕಾಗದದ ನಾಯಿಗೊಂಬೆ ಇದೆ. ನಾಯಿಗೆ ಹೆರಿಗೆ ಸಲೀಸು ಎಂಬ ಕಾರಣಕ್ಕೆ ಬಸುರಿಯರಿಗೂ ಎಳೆಗೂಸಿಗೂ ಅದು ಶುಭದ ಗುರುತು. 1965ರದು ಗೋಧಿಹುಲ್ಲಿನ ಹಾವು. ಈಗಿನ ಟೋಕಿಯೊ ಎದೊ ಎನಿಸಿಕೊಂಡಿದ್ದ ಕಾಲದಲ್ಲಿ ಪಿಡುಗು ಬಂದಾಗ, ಇಂಥ ಹಾವನ್ನು ಇಟ್ಟಿದ್ದ ಮನೆಗಳಿಗೆ ಏನೂ ಆಗಲಿಲ್ಲ ಎಂಬ ಕಥೆ ಅದಕ್ಕಿದೆ.

1966ರ ಚೀಟಿಯದು ಬೇರೆಯದೇ ಕಥೆ. ಅದರಲ್ಲಿರುವುದು ಹನಮಾಕಿ ಊರಿನ ಹುಲ್ಲಿನ ಕುದುರೆ, ಶಿನೊಬಿಗೊಮಾ. ಒಳ್ಳೆಯ ಬೆಳೆಗಾಗಿ, ಕೂಡಿಬರುವ ಸಂಬಂಧಕ್ಕಾಗಿ ಯಾರ ಕಣ್ಣಿಗೂ ಬೀಳದಂತೆ ಗುಡಿಗೆ ಒಪ್ಪಿಸುವ ಹರಕೆಯ ಕುದುರೆ ಅದು. ಆದರೆ ಆ ವರ್ಷ ಹಿನೊಎಉಮಾ, ಅಂದರೆ ಅಗ್ನಿಅಶ್ವದ ವರ್ಷ. ನಮ್ಮ ಸಂವತ್ಸರಗಳ ಹಾಗೆ 60 ವರ್ಷಕ್ಕೊಮ್ಮೆ ಸುತ್ತಿಬರುವ ಆ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ತರುತ್ತಾಳೆ ಎಂದು ಜನ ಹೆದರುತ್ತಿದ್ದರು. ಮದುವೆಯ ಹರಕೆ ಹೊತ್ತ ಕುದುರೆ ಮನೆಮನೆ ತಲುಪಿದ ವರ್ಷವೇ ಎಷ್ಟೋ ದಂಪತಿಗಳು ಮಗುವೇ ಬೇಡವೆಂದರು. 1965ರಲ್ಲಿ ಸುಮಾರು 18.2 ಲಕ್ಷ ಇದ್ದ ಜನನಗಳು 1966ರಲ್ಲಿ 13.6 ಲಕ್ಷಕ್ಕೆ ಕುಸಿದವು, ಮರುವರ್ಷ 19.4 ಲಕ್ಷಕ್ಕೆ ಏರಿದವು. ಕುದುರೆಗೂ ಹೆಣ್ಣಿನ ಬಾಳಿಗೂ ಯಾವ ನಂಟೂ ಇಲ್ಲ. ನಂಬಿಕೆಯ ಪೆಟ್ಟು ಮಾತ್ರ ದೇಶದ ಜನನಗಳ ಲೆಕ್ಕದಲ್ಲೇ ಉಳಿಯಿತು.

ಸರ್ಕಾರ ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ನಂಬಿಕೆ ನಿಜವಾಗುವುದಿಲ್ಲ. ಸಿಡುಬನ್ನು ತೊಲಗಿಸಿದ್ದು ಲಸಿಕೆ; ಅದು ನಿರ್ಮೂಲವಾಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೂ ಕೂಸು ಉಳಿಯಲೆಂದು ಹಂಬಲಿಸಿದ ತಾಯಂದಿರ ಗುರುತಾಗಿ ಅಕಾಬೆಕೊ ಮಾನ್ಯವೇ. ಹೆಣ್ಣುಮಕ್ಕಳ ಹುಟ್ಟಿಗೇ ಕಳಂಕ ಹಚ್ಚಿದ ಅಗ್ನಿಅಶ್ವದ ಭಯಕ್ಕೆ ಆ ಮರ್ಯಾದೆ ಸಲ್ಲದು. ಅಂಚೆಚೀಟಿ ಸಂಗ್ರಹಿಸುವವರು ಆಲ್ಬಮ್ಮಿನಲ್ಲಿ ದೇಶ, ವರ್ಷ, ಬೆಲೆಯ ಜೊತೆಗೆ ಚಿತ್ರದ ಹಿಂದಿನ ನಂಬಿಕೆಯನ್ನೂ, ಅದರಿಂದ ಯಾರಿಗೆ ಏನಾಯಿತು ಎಂಬುದನ್ನೂ ಎರಡು ಸಾಲು ಬರೆದಿಡಲಿ.