ಬಂಡೆಯ ಹೊಟ್ಟೆ ಬಗೆದು ಕಟ್ಟಿದ ಊರು

ರೋಮಿನಿಂದ ಫ್ಲಾರೆನ್ಸಿನ ಕಡೆ ಹೊರಟ ರೈಲು ಗಂಟೆ ಚಿಲ್ಲರೆಯಲ್ಲಿ ಒರ್ವಿಯೆಟೊ ತಲುಪುತ್ತದೆ. ನಿಲ್ದಾಣ ಬಯಲಿನಲ್ಲಿದೆ, ಊರು ಕಾಣಬೇಕಾದರೆ ಕತ್ತೆತ್ತಬೇಕು. ಸುತ್ತಲೂ ಗೋಡೆಯಂತೆ ಕಡಿದಾಗಿ ನಿಂತ ಬಂಡೆ, ಅದರ ಚಪ್ಪಟೆ ನೆತ್ತಿಯ ಮೇಲೆ ಮನೆಗಳು, ಗೋಪುರಗಳು. ಹಳೆಯ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಗೊಂಡು ಆದ ಈ ಕಲ್ಲಿಗೆ ಅಲ್ಲಿನವರು ಟುಫೊ ಎನ್ನುತ್ತಾರೆ. ಹಾರೆಗೆ ಬಗ್ಗುವಷ್ಟು ಮೆದು, ಗೋಡೆಯಾಗಿ ನಿಲ್ಲುವಷ್ಟು ಗಟ್ಟಿ. ಒರ್ವಿಯೆಟೊ ಹುಟ್ಟಿದ್ದು ಈ ಗುಣದಿಂದಲೇ.

ಮೊದಲು ಇಲ್ಲಿ ನೆಲೆಸಿದವರು ಎಟ್ರುಸ್ಕನ್ನರು. ಬಂಡೆಯ ಬುಡದಲ್ಲಿ ಅವರ ಸ್ಮಶಾನ ಇಂದಿಗೂ ಇದೆ. ಕ್ರಿ.ಪೂ. 6ನೇ ಶತಮಾನದ ಆ ಸಮಾಧಿಗಳು ಬೀದಿಗಳಲ್ಲಿ ಸಾಲುಮನೆಗಳಂತೆ ನಿಂತಿವೆ; ಬಾಗಿಲಿನ ಮೇಲ್ಪಟ್ಟಿಯಲ್ಲಿ ಮನೆತನದ ಹೆಸರು ಕೆತ್ತಿದೆ. ಕ್ರಿ.ಪೂ. 264ರಲ್ಲಿ ರೋಮನ್ನರು ಊರನ್ನು ಹಾಳುಗೆಡವಿ, ಉಳಿದ ಜನರನ್ನು ಬೋಲ್ಸೇನಾ ಸರೋವರದ ದಡಕ್ಕೆ ಸಾಗಿಸಿದರು. ಮೇಲಿನದೆಲ್ಲ ಹೋಯಿತು. ಬಂಡೆಯೊಳಗೆ ಕೊರೆದ ಕಿರಿದಾದ ಬಾವಿಗಳು ಮಾತ್ರ, ಗೋಡೆಯಲ್ಲಿ ಕಾಲಿಡಲು ಕಡಿದ ಗುಳಿಗಳ ಸಮೇತ, ಉಳಿದುಕೊಂಡವು.

ಮಧ್ಯಯುಗದಲ್ಲಿ ಊರು ಮತ್ತೆ ಎದ್ದಿತು, ಅದೂ ತನ್ನ ನೆಲವನ್ನೇ ತೋಡಿ. ಮನೆಗೆ ಬೇಕಾದ ಕಲ್ಲು ಅಡಿಯಲ್ಲೇ ಸಿಕ್ಕಿತು. ತೋಡಿದ ಗುಂಡಿ ನೆಲಮಾಳಿಗೆಯಾಯಿತು, ಎಣ್ಣೆಗಾಣದ ಮನೆಯಾಯಿತು. ಬಂಡೆಯ ಅಂಚಿನ ಗುಹೆಗಳಲ್ಲಿ ಗೋಡೆ ತುಂಬ ಗೂಡು ಕೊರೆದು ಪಾರಿವಾಳ ಸಾಕಿದರು. ಹಕ್ಕಿಗಳು ಕಿಂಡಿಯಿಂದ ಹಾರಿಹೋಗಿ ಬಯಲಲ್ಲಿ ಕಾಳು ತಿಂದು ಬರುತ್ತಿದ್ದವು, ಸಾಕಿದವರಿಗೆ ಕೂತಲ್ಲೇ ಮಾಂಸ. ಊರಿನಡಿ ಇಂಥ ಸುಮಾರು 1,200 ಗುಹೆಗಳಿವೆ.

ಪ್ರವಾಸಿಗರು ಮೊದಲು ಓಡುವುದು 1290ರಲ್ಲಿ ಆರಂಭವಾದ ಮಹಾಚರ್ಚಿಗೆ. ಕಪ್ಪು ಬಿಳುಪು ಪಟ್ಟೆಯ ಗೋಡೆ, ಹೊನ್ನಿನ ಮೊಸಾಯಿಕ್ ಮುಖ, ಒಳಗೆ ಲೂಕಾ ಸಿನ್ಯೊರೆಲ್ಲಿ ಬರೆದ ಪ್ರಳಯದ ಭಿತ್ತಿಚಿತ್ರಗಳು. ಅಷ್ಟಕ್ಕೇ ಮರಳಿದವರು ಅರ್ಧ ಒರ್ವಿಯೆಟೊ ನೋಡಿದಂತೆ. ಇನ್ನರ್ಧ ಬಾವಿಯಲ್ಲಿದೆ.

1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನಿಕರು ರೋಮನ್ನು ಸೂರೆಗೈದರು. ತಿಂಗಳುಗಟ್ಟಲೆ ಸೆರೆಯಲ್ಲಿದ್ದ ಪೋಪ್ ಏಳನೇ ಕ್ಲೆಮೆಂಟ್ ಡಿಸೆಂಬರಿನಲ್ಲಿ ವೇಷ ಮರೆಸಿ ಇಲ್ಲಿಗೆ ಓಡಿಬಂದ. ಮದುವೆ ರದ್ದು ಮಾಡಿಸಿಕೊಳ್ಳಲು ಇಂಗ್ಲೆಂಡಿನ ಎಂಟನೇ ಹೆನ್ರಿ ಕಳಿಸಿದ ದೂತರು ಅವನನ್ನು ಹುಡುಕಿಕೊಂಡು ಬಂದದ್ದೂ ಈ ಬೆಟ್ಟಕ್ಕೇ. ಹತ್ತಿ ಬರಲು ಶತ್ರುವಿಗೆ ಆಗದ ಊರು, ನಿಜ. ಆದರೆ ಬುಡದಲ್ಲಿ ಮುತ್ತಿಗೆ ಹಾಕಿ ಕಾದು ಕೂತರೆ? ಕುಡಿಯಲು ನೀರೆಲ್ಲಿ? ಪೋಪ್ ಬಾವಿ ತೋಡಲು ಹೇಳಿದ. ಕೆಲಸ ವಾಸ್ತುಶಿಲ್ಪಿ ಆಂಟೊನಿಯೊ ದ ಸಂಗಾಲ್ಲೊನ ಪಾಲಿಗೆ ಬಂತು.

ಆಳ ಸುಮಾರು 53 ಮೀಟರ್, ಅಗಲ 13 ಮೀಟರ್. ಅಷ್ಟು ಆಳದಿಂದ ಇಡೀ ಊರಿಗೆ ಸಾಲುವಷ್ಟು ನೀರು ಮೇಲೆ ಬರಬೇಕಾದರೆ ಹೇಸರಗತ್ತೆಗಳೇ ಹೊರಬೇಕು. ಒಂದೇ ದಾರಿಯಾದರೆ ಇಳಿಯುವ ಪ್ರಾಣಿ, ಹತ್ತುವ ಪ್ರಾಣಿ ಎದುರುಬದುರಾಗಿ ಸಿಕ್ಕಿಕೊಳ್ಳುತ್ತವೆ. ಸಂಗಾಲ್ಲೊ ಬಾವಿಯ ಸುತ್ತ ಒಂದರ ಮೇಲೊಂದು ಸುತ್ತಿಕೊಂಡು ಹೋಗುವ ಎರಡು ಬೇರೆ ಬೇರೆ ಮೆಟ್ಟಿಲುದಾರಿ ಮಾಡಿದ, ಒಂದೊಂದಕ್ಕೂ 248 ಮೆಟ್ಟಿಲು. ಇಳಿದ ಹೇಸರಗತ್ತೆ ತಳದ ಕಿರುಸೇತುವೆ ದಾಟಿ, ನೀರು ಹೊತ್ತು, ಇನ್ನೊಂದು ದಾರಿಯಲ್ಲಿ ಮೇಲೇರುತ್ತಿತ್ತು. ಒಳಗೋಡೆಯ ಎಪ್ಪತ್ತರಷ್ಟು ಕಿಟಕಿಗಳಿಂದ ಬೆಳಕು ದಾರಿಗೆ ಇಳಿಯುತ್ತದೆ. ಅವಸರದ ಕೆಲಸದಲ್ಲೂ ಮೂಕಪ್ರಾಣಿಯ ಹೆಜ್ಜೆಯನ್ನು ಇಷ್ಟು ಎಣಿಸಿದ ಇನ್ನೊಂದು ಕಟ್ಟಡ ನನಗೆ ನೆನಪಾಗುವುದಿಲ್ಲ. 1537ರಲ್ಲಿ ಬಾವಿ ಮುಗಿಯುವ ವೇಳೆಗೆ ಕ್ಲೆಮೆಂಟ್ ಸತ್ತು ಮೂರು ವರ್ಷವಾಗಿತ್ತು.

ಇಷ್ಟೆಲ್ಲ ಕೊಟ್ಟ ಬಂಡೆ 1970ರ ದಶಕದಲ್ಲಿ ಅಂಚುಗಳಲ್ಲಿ ಕುಸಿಯತೊಡಗಿತು. ಸರ್ಕಾರ ವಿಶೇಷ ಕಾನೂನು ತಂದು, ಬಂಡೆಯೊಳಕ್ಕೆ ಉಕ್ಕಿನ ಸರಳುಗಳನ್ನು ಇಳಿಸಿ ಬಿಗಿಸಿತು. ಊರು ಇಂದು ಆ ಸರಳುಗಳ ಬಲದಲ್ಲೂ ನಿಂತಿದೆ.