ನೋಡುವುದು ಬೇರೆ, ಕಾಣುವುದು ಬೇರೆ

ಕನ್ನಡದಲ್ಲಿ ‘ನೋಡು’, ‘ಕಾಣು’ ಎಂಬ ಎರಡು ಧಾತುಗಳಿವೆ. ‘ನೋಡಿದೆ, ಆದರೆ ಏನೂ ಕಾಣಲಿಲ್ಲ’ ಎಂದು ನಾವು ದಿನವೂ ಆಡುತ್ತೇವೆ. ನುಡಿ ತಾನಾಗಿ ಮಾಡಿಕೊಂಡಿರುವ ಈ ಭೇದದಲ್ಲಿ ಶರೀರಶಾಸ್ತ್ರದ ಸತ್ಯವೊಂದು ಅಡಗಿದೆ. ನೋಡುವುದು ಕಣ್ಣು, ಕಾಣುವುದು ಮೆದುಳು.

ಹೊರಜಗತ್ತಿನ ಬಿಂಬವು ಕಣ್ಣಿನ ಅಕ್ಷಿಪಟಲದ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಅಲ್ಲಿಂದ ಒಳಕ್ಕೆ ಸಾಗುವುದು ಚಿತ್ರವಲ್ಲ, ಕೇವಲ ವಿದ್ಯುತ್ ಸಂಕೇತಗಳು. ಅವು ತಲೆಯ ಹಿಂಬದಿಯಲ್ಲಿರುವ ಮೆದುಳಿನ ಭಾಗವನ್ನು ಸೇರಿ ಅರ್ಥ ಪಡೆದ ಬಳಿಕವೇ ಇದು ತಾಯಿಯ ಮುಖ, ಅದು ಹಾಲಿನ ಲೋಟ ಎಂಬ ತಿಳಿವು ಮೂಡುತ್ತದೆ. ಈ ವಿದ್ಯೆಯನ್ನು ಮೆದುಳು ಹುಟ್ಟುತ್ತಲೇ ತಂದಿರುತ್ತದೆಯೆ, ಅಥವಾ ಅನುಭವದಿಂದ ಕಲಿಯುತ್ತದೆಯೆ?

1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನ್ಯೂ ಎಂಬಾತ ಇದನ್ನೇ ಒಂದು ಒಗಟಾಗಿ ತತ್ತ್ವಜ್ಞಾನಿ ಜಾನ್ ಲಾಕನ ಮುಂದಿಟ್ಟ. ಹುಟ್ಟುಕುರುಡನೊಬ್ಬನು ಗೋಳವನ್ನೂ ಘನವನ್ನೂ ಮುಟ್ಟಿ ಅರಿತಿದ್ದಾನೆ. ಅವನಿಗೆ ಹಠಾತ್ತಾಗಿ ದೃಷ್ಟಿ ಬಂದರೆ, ಮುಟ್ಟದೆಯೇ ಇದು ಗೋಳ, ಇದು ಘನ ಎಂದು ಹೇಳಬಲ್ಲನೆ? ಮಾಲಿನ್ಯೂವಿನ ಪತ್ನಿ ದೃಷ್ಟಿ ಕಳೆದುಕೊಂಡವಳಾಗಿದ್ದಳು. ಆದುದರಿಂದ ಅವನಿಗೆ ಇದು ಬರಿಯ ತರ್ಕವಿನೋದವಾಗಿರಲಾರದು. ‘ಹೇಳಲಾರ’ ಎಂದು ಲಾಕ್ ತೀರ್ಪಿತ್ತ. ಪಂಡಿತರ ವಾದವಿವಾದ ಮಾತ್ರ ಮೂರು ಶತಮಾನ ನಡೆಯಿತು.

ಕೊನೆಗೆ ಉತ್ತರ ದೊರೆತದ್ದು ನಮ್ಮ ದೆಹಲಿಯಲ್ಲಿ. ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದ ಪವನ್ ಸಿನ್ಹಾ ಅವರು ‘ಪ್ರಕಾಶ್’ ಎಂಬ ಯೋಜನೆಯ ಮೂಲಕ ಅಂಧ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ದೃಷ್ಟಿ ಕೊಡಿಸುವ ಕಾರ್ಯವನ್ನು ಕೈಗೊಂಡರು. 8ರಿಂದ 17 ವರ್ಷದ ಐವರು ಮಕ್ಕಳ ಕಣ್ಣಿನ ಕಟ್ಟು ಬಿಚ್ಚಿದೊಡನೆ ಆಟದ ಇಟ್ಟಿಗೆಗಳಂಥ ವಸ್ತುಗಳನ್ನಿತ್ತು ಪರೀಕ್ಷಿಸಲಾಯಿತು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸುವುದರಲ್ಲಿ ನೂರಕ್ಕೆ 98 ಉತ್ತರಗಳು ಸರಿ. ನೋಡಿದ್ದನ್ನು ಮತ್ತೆ ನೋಡಿ ಗುರುತಿಸುವುದರಲ್ಲಿ 92. ಆದರೆ ಮುಟ್ಟಿದ್ದನ್ನು ನೋಡಿ ಗುರುತಿಸೆಂದಾಗ 58 ಮಾತ್ರ. ಕಣ್ಮುಚ್ಚಿ ಊಹಿಸಿದರೂ 50 ಸರಿಯಾಗುತ್ತಿತ್ತು! ಲಾಕನ ಮಾತೇ ನಿಂತಿತು ಎಂದು 2011ರಲ್ಲಿ ಈ ಫಲಿತಾಂಶ ಸಾರಿತು. ಸಂತೋಷದ ಸಂಗತಿಯೆಂದರೆ, ಕೆಲವೇ ದಿನಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಈ ವಿದ್ಯೆ ಮಕ್ಕಳಿಗೆ ಬಹುಮಟ್ಟಿಗೆ ಕೈವಶವಾಗಿತ್ತು.

ಹಾಗೆಂದು ಮೆದುಳು ಎಷ್ಟು ಕಾಲವಾದರೂ ಕಾದಿರುತ್ತದೆಯೆಂದು ತಿಳಿಯಲಾಗದು. ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟು ತೆರೆದರೆ, ಕಣ್ಣು ನಿರ್ದುಷ್ಟವಾಗಿದ್ದರೂ ಅದರಿಂದ ಸರಿಯಾಗಿ ಕಾಣದೆಂದು ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1963ರಲ್ಲಿ ತೋರಿಸಿದರು. 1981ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ತಡವಾಗಿ ಬೆಳಕು ಕಂಡ ಮಕ್ಕಳು ಎಷ್ಟೋ ಕಲಿತರೂ ದೃಷ್ಟಿಯ ಪೂರ್ಣ ಸೂಕ್ಷ್ಮತೆ ಅವರಿಗೆ ಒದಗುವುದಿಲ್ಲ.

ಆದ್ದರಿಂದ ತಾಯಿತಂದೆಗಳು ಒಂದನ್ನು ನೆನಪಿಡಬೇಕು. ಕೂಸಿನ ಕಣ್ಣಪಾಪೆಯಲ್ಲಿ ಬಿಳುಪು ತೋರಿದರೆ, ಮೂರು ತಿಂಗಳಾದರೂ ಅದರ ನೋಟ ತಾಯಿಯ ಮುಖವನ್ನು ಹಿಂಬಾಲಿಸದಿದ್ದರೆ, ‘ದೊಡ್ಡದಾದಂತೆ ಸರಿಹೋದೀತು’ ಎಂದು ಕಾಯದೆ ಕೂಡಲೆ ನೇತ್ರವೈದ್ಯರಲ್ಲಿಗೆ ಒಯ್ಯಬೇಕು. ಹುಟ್ಟಿನಿಂದಲೇ ಬಂದ ದಟ್ಟ ಪೊರೆಯನ್ನು ಮೊದಲ ಕೆಲವು ವಾರಗಳಲ್ಲೇ ತೆಗೆಸುವುದು ಲೇಸು. ಕಣ್ಣನ್ನು ವೈದ್ಯರು ತೆರೆಯಬಲ್ಲರು. ಕಾಣಲು ಕಲಿಯುವ ಕಾಲವನ್ನು ಯಾರೂ ಹಿಂದಕ್ಕೆ ತರಲಾರರು.