ಗೋಲು ಕಾಯ್ದ ಆಶೀಷ್ ಬಲ್ಲಾಳರು

ಇಲ್ಲದುದನ್ನು ಗಳಿಸುವುದು ಯೋಗ. ಗಳಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ನಮ್ಮ ಪೂರ್ವಿಕರು ಇವೆರಡನ್ನೂ ‘ಯೋಗಕ್ಷೇಮ’ವೆಂಬ ಒಂದೇ ಪದದಲ್ಲಿ ಕೂಡಿಸಿಟ್ಟರು. ಲೋಕವಾದರೋ ಗಳಿಸಿದವನನ್ನು ಕೊಂಡಾಡುವಷ್ಟು ಕಾಯ್ದವನನ್ನು ಕೊಂಡಾಡುವುದಿಲ್ಲ. ಆಟದ ಬಯಲಿನಲ್ಲಿಯೂ ಇದೇ ನ್ಯಾಯ. ಗೋಲು ಹೊಡೆದವನ ಹೆಸರು ಪತ್ರಿಕೆಗಳಲ್ಲಿ ದಪ್ಪಕ್ಷರಗಳಿಂದ ಅಚ್ಚಾಗುವುದು. ತಡೆಯತಕ್ಕವನ ಹೆಸರು ಅವನು ಕೈತಪ್ಪಿದ ದಿವಸ ಮಾತ್ರ ಎಲ್ಲರ ಬಾಯಲ್ಲಿಯೂ ಆಡುವುದು. ಅಮೆರಿಕದವರ ಫುಟ್‌ಬಾಲಿನಲ್ಲಿ ರಕ್ಷಣೆಗೆಂದೇ ಹನ್ನೊಂದು ಮಂದಿಯ ಬೇರೆ ಪಡೆಯುಂಟು. ನಮ್ಮ ಹಾಕಿಯಲ್ಲಿಯಾದರೋ ಕಟ್ಟಕಡೆಯ ಕಾವಲು ಒಬ್ಬನದೇ.

ಆ ಕಾವಲಿನ ಕಷ್ಟವನ್ನು ಲೆಕ್ಕದಿಂದ ತಿಳಿಯಬಹುದು. ಹಾಕಿಯ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಪೆನಾಲ್ಟಿ ಸ್ಟ್ರೋಕ್ ಎಂಬುದರಲ್ಲಿ 7 ಗಜ ದೂರದಿಂದ ಚೆಂಡನ್ನು ಚಿಮ್ಮಿಸುವರು. ಅದು ಗಂಟೆಗೆ 80 ಕಿಲೋಮೀಟರು ವೇಗದಿಂದ ಬಂದಿತೆಂದಿಟ್ಟುಕೊಂಡರೆ, ಗೋಲನ್ನು ಸೇರಲು ಒಂದು ಸೆಕೆಂಡಿನ ಮೂರನೆಯ ಒಂದು ಪಾಲೂ ಬೇಕಾಗುವುದಿಲ್ಲ. ಎದುರಾಳಿಯು ಚೆಂಡನ್ನು ಆಡುವವರೆಗೆ ಕಾಯುವವನು ಗೆರೆಯ ಮೇಲಿಂದ ಪಾದಗಳನ್ನು ಕದಲಿಸಕೂಡದು.

ಇಂತಹ ಕಾವಲಿನಲ್ಲಿ ದೇಶದ ಮಾನವನ್ನುಳಿಸಿದವರು ಆಶೀಷ್ ಕುಮಾರ್ ಬಲ್ಲಾಳರು. ಇವರು 1970ರಲ್ಲಿ ಮುಂಬಯಿಯಲ್ಲಿ ಜನಿಸಿ, ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡವರು. 1992ರ ಬಾರ್ಸಿಲೋನ ಒಲಿಂಪಿಕ್ಸಿನಲ್ಲಿ ಭಾರತದ ಪಕ್ಷದಿಂದ ಆಡಿದವರು.

ಬಲ್ಲಾಳರ ಕಾರ್ಯದ ಬೆಲೆ ತಿಳಿಯಬೇಕಾದರೆ ಹಿಂದಿನ ಸಂಗತಿಯನ್ನು ಸ್ವಲ್ಪ ನೋಡಬೇಕು. 1966ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡೆಗಳಲ್ಲಿ ಭಾರತವು ಹಾಕಿಯ ಚಿನ್ನವನ್ನು ಗೆದ್ದಿತು. ಆಗ ತಂಡದ ನಾಯಕರಾಗಿದ್ದ ಶಂಕರ ಲಕ್ಷ್ಮಣರು ಗೋಲು ಕಾಯುವವರೇ ಆಗಿದ್ದರು. ಅನಂತರ ಆ ಚಿನ್ನವು ಕೈಗೆಟುಕದೆ ಹೋಯಿತು. 1982ರಲ್ಲಿ ದೆಹಲಿಯಲ್ಲಿ, ಸ್ವಜನರ ಕಣ್ಣೆದುರಿನಲ್ಲಿಯೇ, ಪಾಕಿಸ್ತಾನವು ನಮ್ಮನ್ನು 7–1ರಿಂದ ಸೋಲಿಸಿತು. ಹನ್ನೊಂದು ಮಂದಿ ಸೋತ ಸೋಲು ಒಬ್ಬನ ತಲೆಗೇ ಬಂದಿತು. ಗೋಲು ಕಾಯ್ದ ಮೀರ್ ರಂಜನ್ ನೇಗಿಯವರನ್ನು ಜನರು ದೇಶದ್ರೋಹಿಯೆಂದೂ ನಿಂದಿಸಿದರು. ನೊಂದ ನೇಗಿಯವರು ಬಹುಕಾಲ ಆಟದಿಂದಲೇ ದೂರವಾಗಿದ್ದರು.

1998ರಲ್ಲಿ ಏಷ್ಯನ್ ಕ್ರೀಡೆಗಳು ಮರಳಿ ಬ್ಯಾಂಕಾಕಿನಲ್ಲಿ ನಡೆದುವು. ಗೋಲು ಕಾಯುವವರಿಗೆ ಶಿಕ್ಷಣ ಕೊಡಲು ತಂಡದೊಡನೆ ಹೋದವರು ಅದೇ ನೇಗಿಯವರು! ಅಂತಿಮ ಪಂದ್ಯದಲ್ಲಿ ಭಾರತವೂ ದಕ್ಷಿಣ ಕೊರಿಯವೂ 1–1ರಿಂದ ಸಮನಾಗಿ ನಿಂತುವು. ನಿರ್ಣಯವನ್ನು ಪೆನಾಲ್ಟಿ ಸ್ಟ್ರೋಕುಗಳಿಗೆ ಬಿಡಲಾಯಿತು. ಬಲ್ಲಾಳರು ಕೊರಿಯದವರ ಎರಡು ಸ್ಟ್ರೋಕುಗಳನ್ನು ತಡೆದರು. ಭಾರತವು 4–2ರಿಂದ ಗೆದ್ದಿತು. 32 ವರ್ಷಗಳ ಬಳಿಕ ಚಿನ್ನವು ನಮ್ಮದಾಯಿತು. ಶಿಷ್ಯನ ಆ ಎರಡು ತಡೆಗಳಿಂದ ಗುರುವಿನ ಹದಿನಾರು ವರ್ಷಗಳ ಅಪವಾದವೂ ಎಷ್ಟೋ ಮಟ್ಟಿಗೆ ತೊಳೆದುಹೋಯಿತೆನ್ನಬಹುದು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಕೆಲವೇ ವಾರಗಳಲ್ಲಿ ಮುಂದಿನ ತಂಡದ ಪಟ್ಟಿ ಹೊರಟಾಗ ನಾಯಕ ಧನರಾಜ್ ಪಿಳ್ಳೈಯವರೂ ಬಲ್ಲಾಳರೂ ಮತ್ತೆ ಕೆಲವರೂ ಅದರಲ್ಲಿರಲಿಲ್ಲ. ಆಟಗಾರರಿಗೆ ವಿಶ್ರಾಂತಿ ಕೊಟ್ಟಿದೆಯೆಂಬುದು ಅಧಿಕಾರಿಗಳ ಸಮಾಧಾನ. ಭತ್ಯದ ವಿಷಯದಲ್ಲಿ ಬಾಯಿಬಿಟ್ಟುದಕ್ಕೆ ದೊರೆತ ಫಲವೆಂಬುದು ಜನರ ಮಾತು. ಕಾರಣವೇನೇ ಇರಲಿ, ಗೆದ್ದ ಕಾವಲುಗಾರನಿಗೂ ಸೋತ ಕಾವಲುಗಾರನಿಗೂ ಲೋಕವು ಕೊಟ್ಟ ಮರ್ಯಾದೆಯಲ್ಲಿ ಅಂತರವು ಬಹಳವಾಗಿ ಕಾಣುವುದಿಲ್ಲ.

ಆದರೂ ಬಲ್ಲಾಳರು ಆಟದ ಮೇಲೆ ಮುನಿಸಿಕೊಳ್ಳಲಿಲ್ಲ. ಅರ್ಜುನ ಪ್ರಶಸ್ತಿಯನ್ನು ಪಡೆದ ಇವರು ಬೆಂಗಳೂರಿನಲ್ಲಿ ಮಕ್ಕಳಿಗೆ ಹಾಕಿಯನ್ನು ಕಲಿಸುವ ಕಾರ್ಯವನ್ನು ಕೈಗೊಂಡರು. ತಾನು ಕಾಯ್ದುದನ್ನು ಮುಂದಿನವರ ಕೈಗೆ ಒಪ್ಪಿಸುವುದೂ ಕ್ಷೇಮದ ಒಂದು ಭಾಗವೇ ಅಲ್ಲವೆ?

ನಮ್ಮ ತಲಘಟ್ಟಪುರದ ಬಯಲುಗಳಲ್ಲಿ ಹುಡುಗರು ಆಡುವಾಗ, ಓಡಲಾರದವನನ್ನೋ ಎಲ್ಲರಿಗಿಂತ ಚಿಕ್ಕವನನ್ನೋ ಗೋಲಿನಲ್ಲಿ ನಿಲ್ಲಿಸುವುದನ್ನು ಕಾಣಬಹುದು. ಮನೆಗೆ ಬಂದ ಮಗುವನ್ನು “ಎಷ್ಟು ಗೋಲು ಹೊಡೆದೆ?” ಎಂದು ಕೇಳುವುದು ಹಿರಿಯರ ವಾಡಿಕೆ. “ಎಷ್ಟು ತಡೆದೆ?” ಎಂದೂ ಒಂದು ಮಾತು ಕೇಳತಕ್ಕದ್ದು.